ಹದಿನಾಲ್ಕು ಗಂಟಿನ ಗಾಳಿ

ಗಾಳಿಗೂ ಗಂಟು ಇರ್ತಾವಂತ, ಅರ್ತ್ಯೋಮ್ ಹೇಳ್ತಾನ.
ಹತ್ತಿದ್ರ ಕಲಿಯೋ ಹುಡುಗರು ಉಸುಕಿನಾಗ ಕುಂತು ಬೀರ್ ಕುಡಿಯೂದು,
ಹದಿನಾಲ್ಕಿದ್ರ ದೊಡ್ಡ ಪಟ ಏಳೂದು,
ಇಪ್ಪತ್ತು ದಾಟಿದ್ರ ಅವ ಒಬ್ಬನ, ಸಣ್ಣ ಪಟ ಹಿಡಕೊಂಡು.
ನನಗ ಗೊತ್ತಿರೂದು ಅರಿವಿ ಗಂಟು.
ದಿನಕ್ಕ ಆರು, ಮೂರು ಗೆಸ್ಟ್‌ಹೌಸಿಂದು.
ಬಿಳಿ ಚಾದರ, ಅದರ ತುಂಬ ಉಸುಕು,
ಮೈಗೆ ಹಚ್ಚಿಕೊಂಡ ಎಣ್ಣಿಯ ಕಲೆ.

ಮೋರ್ಜಿಮಿನಾಗ ನನ್ನ ಹಗ್ಗ ಎರಡು ತೆಂಗಿನ ನಡುವ.
ಮುಂಜಾನೆ ಎಂಟಕ್ಕ ಚಾದರ ಹೊಟ್ಟಿ ಉಬ್ಬಿಸಿ
ಸಮುದ್ರದ ಕಡೆ ನೋಡತಾವ,
ರಾತ್ರಿಯೆಲ್ಲ ತಣ್ಣಗಾದ ನೆಲ ಉಸಿರು ಬಿಡೂ ಹೊತ್ತು.
ಹತ್ತೂವರಿಗೆ ಜೋತು ಬೀಳತಾವ
ಬೈಸಿಕೊಂಡ ಹುಡುಗರ ಗತೆ.
ಆವಾಗ ನೋಡಬೇಕು.
ಗಾಳಿ ಸತ್ತಿಲ್ಲ, ಮಗ್ಗಲಾ ಬದಲಿಸಾಕತ್ತೈತಿ.
ಆಮ್ಯಾಲ ಯಾವಾಗೋ ಒಂದು ಹಸಿ ಅಂಚು
ಒಂದ ಸಲ ಮಿಸುಕತೈತಿ,
ಮಲಗಿದ ಕೂಸಿನ ಹೆಬ್ಬೆರಳಿನಂಗ.

ಅರ್ತ್ಯೋಮನ ಫೋನಿನಾಗ ಬಾಣ ಅದಾವ, ನೀಲಿ, ಹಸರು, ಕೆಂಪು.
ಫೋನು ಒಂಬತ್ತು ಅಂದ ದಿನ
ನಾ ಹದಿನಾರು ಅಂದೆ.
ನಕ್ಕ.
ಎರಡು ಗಂಟೆಗೆ ಅವನ ಟೊಪಗಿ ಚಾಪೋರಾ ಹೊಳಿ ದಾಟಿತ್ತು.
ಅವತ್ತಿಂದ ಹಗ್ಗದ ಹತ್ರ ಬಂದು ನಿಲ್ತಾನ,
ಹರಕು ಕೊಂಕಣಿಯಾಗ ಕೇಳ್ತಾನ:
'ನೀಲಾ, ವಾರೆಂ?'

ಗುಟ್ಟು ಬಿಟ್ಟುಕೊಟ್ಟಿಲ್ಲ ಅವನಿಗೆ.
ದಿನಾ ಹತ್ತಕ್ಕ ದಿಚೋಲಿಗೆ ಫೋನ್ ಹಚ್ಚತೀನಿ.
ನಮ್ಮಣ್ಣ ಯಮನೂರ ಅಲ್ಲಿ ಅದುರಿನ ಲಾರಿಗೆ ವೆಲ್ಡಿಂಗ್ ಮಾಡ್ತಾನ,
ತಗಡಿನ ಶೆಡ್ಡು.
'ತಗಡು ಕಾದೈತೇನು?'
'ಕೈ ಇಡಾಕ ಆಗವಲ್ದು' ಅಂದ್ರ ಹದಿನೈದು.
'ಚಪ್ಪಲಿ ಅಂಟಾಕತ್ತೈತಿ' ಅಂದ್ರ ಹದಿನೆಂಟು.
'ಸತ್ತರಿ ಗುಡ್ಡದ ಮ್ಯಾಲ ಹತ್ತಿ ಹಿಂಜಿದಂಗ ಮೋಡ' ಅಂದ್ರ
ಅರ್ತ್ಯೋಮ್‌ಗೆ ಹೇಳತೀನಿ,
ಇವತ್ತು ಹರಿದ ಪಟ ಹೊಲಕೊಂಡು ಕುಂದರು.

ಇದನ್ನ ಯಾರೂ ಕಲಿಸಿಲ್ಲ.
ಒಲಿ ಮುಂದ ಕುಂತಾಕಿಗೆ ಗೊತ್ತು,
ಉರಿ ಮ್ಯಾಲೆದ್ದಷ್ಟೂ ಬಾಗಿಲ ಸಂದಿಂದ
ತಂಪು ಒಳಗ ಬಂದು ಕಾಲಿಗೆ ಹತ್ತತೈತಿ.
ಅಣ್ಣನ ಶೆಡ್ಡು ಒಲಿ.
ಸಮುದ್ರ ಬಾಗಿಲದ ಆಚಿ.
ಹೊಸ್ತಿಲದ ಮ್ಯಾಲ ಆಡೂ ಮಂದಿಗೆ
ಒಳಗ ಏನು ಬೇಯಾಕತ್ತೈತಿ ಅಂತ ಕಾಣೂದಿಲ್ಲ.

ಕೇಳೂ ಮುಂದ ಒಮ್ಮೊಮ್ಮೆ ನಾಲಿಗಿ ತಡೀತೈತಿ.
ಕಾಯಲಿ ಅಂತೀನೇನು ನಾ?
ಹೇಳಿದ್ದು ಖರೆ ಆದ ದಿನ ಅರ್ತ್ಯೋಮ್ ನೂರು ರೂಪಾಯಿ
ಕ್ಲಿಪ್ಪಿನ ಡಬ್ಬ್ಯಾಗ ಇಟ್ಟು ಹೋಗ್ತಾನ.
ಅದರಾಗ ಐವತ್ತು ಅಣ್ಣಂದು.
ತೆಗೆದಿಟ್ಟೀನಿ, ಹೇಳಿಲ್ಲ.

ಮಾರ್ಚಿನ ಎರಡನೇ ಶುಕ್ರವಾರ ಅವ ಫೋನ್ ಎತ್ತಲಿಲ್ಲ.
ಹತ್ತು. ಹತ್ತೂ ಕಾಲು. ಹತ್ತೂವರಿ.
ಅರ್ತ್ಯೋಮ್ ಬಂದ, ಪಂಪು ಹೆಗಲ ಮ್ಯಾಲ.
ಗೊತ್ತಿಲ್ಲ ಅಂದೆ, ಮೊದಲ ಸಲ.
ತಗಡಿನ ಕೆಳಗ ಬಿದ್ದ ಮಂದಿ ಸುದ್ದಿ ಏನೇನೋ
ತಲಿಯಾಗ ಬಂದು, ನೀಲಿ ಹಾಕಬೇಕಾದ ಬಕೆಟ್ಟಿಗೆ
ಎರಡನೇ ಸಲ ಸೋಪು ಸುರುವಿದೆ.

ಹನ್ನೊಂದೂವರಿಗೆ ಮಾಪ್ಸಾ ಬಸ್ಸಿಂದ ಇಳದ.
ಕಂಕುಳಾಗ ಕಲ್ಲಂಗಡಿ,
ಅಂಗಿ ತುಂಬ ಕಿಡಿ ಸುಟ್ಟ ತೂತು.
ಯಾರ್ಡಿಗೆ ರಜಾ. ಫೋನಿನ ಚಾರ್ಜು ಮುಗದಿತ್ತಂತ.
'ನೀ ಇಲ್ಲಿಗೆ ಬಂದ್ರ ತಗಡಿನ ಸುದ್ದಿ ಯಾರು ಹೇಳಬೇಕೋ?'
ಸಿಟ್ಟಿಲೇ ಕೇಳಿದೆ.
ಅವ ಚಾದರದ ನೆರಳಿಗೆ ಕಾಲು ಚಾಚಿ ಕುಂತ:
'ತಗಡು ನನ್ನ ಕೇಳಿ ಕಾಯ್ತೈತೇನು, ನೀಲಾ?'

ಒಂದೂ ನಲವತ್ತಕ್ಕ ಅಂಚು ಮಿಸುಕಿತು.
ಆಮ್ಯಾಲ ಹಗ್ಗ ಪೂರ್ತಿ.
ಪಟ ಎದ್ದು, ಒಂದು, ನಾಲ್ಕು, ಹನ್ನೊಂದು,
ನೀರಿನ ಮ್ಯಾಲ ಮಂದಿ ಕೇಕೆ ಹಾಕ್ಕೋತ ಹೊಂಟ್ರು.
ಅಣ್ಣ ಹಣ್ಣು ಕೊಯ್ಯೂದು ನಿಲ್ಲಿಸಿ ನೋಡಿದ.
ಮೂರು ವರ್ಷ ದಿನಾ ಹತ್ತಕ್ಕ
ತಾ ಉತ್ತರ ಕೊಟ್ಟಿದ್ದು ಇದಕ್ಕೇನು ಅಂತ
ಕೇಳಲಿಲ್ಲ.
'ಬಾಳ ತಂಪೈತಿ ಇಲ್ಲೆ' ಅಂದ.
ಅಂಗಿಯ ತೂತು ತೂತಿನಾಗೂ ಗಾಳಿ ಹೊಕ್ಕು
ಬೆನ್ನು ದೊಡ್ಡದಾಗಿ ಕಾಣತಿತ್ತು.

ಎಷ್ಟು ಗಂಟಂತ ಅರ್ತ್ಯೋಮ್ ದೂರದಿಂದ ಬೆರಳು ತೋರಿಸಿದ.
ಎಣಿಸಲಿಲ್ಲ ನಾ.
ಒಂದು ಚಾದರ ಕ್ಲಿಪ್ಪು ಕಿತಗೊಂಡು ಹೊಂಟಿತ್ತು,
ಅದರ ಬೆನ್ನ ಹತ್ತಿ ಓಡಿದೆ.